ಸುಳ್ಳು ಹೆಸರಿನಲ್ಲಿ ಕೊಟ್ಟ ರಕ್ತ

ಬೆಳಿಗ್ಗೆ ಏಳು ಗಂಟೆ. ಮಾಕಳಿದುರ್ಗದ ರೈಲ್ವೆ ಗೇಟು ದಾಟಿದರೆ ಒಂದು ಹಾಳು ಶೆಡ್ಡು. ಅದರ ಹಿಂದೆ ಸ್ಕೂಟಿ ನಿಲ್ಲಿಸಿ ನವ್ಯಶ್ರೀ ಸುತ್ತ ಕಣ್ಣು ಹಾಯಿಸಿದಳು.

ದೊಡ್ಡಬಳ್ಳಾಪುರದ ಆಸ್ಪತ್ರೆ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಎರಡು ತಿಂಗಳಿಂದ, ಡ್ಯೂಟಿಗೆ ಮುಂಚೆ, ಗಂಡಸರ ಆರೋಗ್ಯಕ್ಕೆಂದೇ ಇರುವ ಒಂದು ಆ್ಯಪ್‌ಗೂ ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಡುತ್ತಿದ್ದಳು. ಆದರೆ ಇವತ್ತಿನ ಗಿರಾಕಿ ಮನೆಗೆ ಬರಬೇಡಿ ಎಂದಿದ್ದ. ಹೆಸರು ಗೋವಿಂದರಾಜು. 'ಶೆಡ್ ಹಿಂದೆ ಬನ್ನಿ, ಯಾರಿಗೂ ಹೇಳಬೇಡಿ' ಅಂತ ಮೆಸೇಜು.

ಇಂಥ ಜಾಗಕ್ಕೆ ಒಂಟಿ ಹುಡುಗಿಯನ್ನು ಕರೆಯುವವನು ಎಂಥವನಿರಬೇಕು? ವಾಪಸ್ ಹೋಗಿಬಿಡಲೇ...

ಹಿಂದೆ ಒಣ ಎಲೆ ತುಳಿದ ಸದ್ದಾಯಿತು. ತಿರುಗಿದಳು.

ಏರ್‌ಪೋರ್ಟ್ ಕಾರ್ಗೋದ ಸಮವಸ್ತ್ರ, ಕೊರಳಲ್ಲಿ ಐಡಿ ಕಾರ್ಡು, ಕೆಂಪಾದ ಕಣ್ಣು. ಯಾವ ಗೋವಿಂದರಾಜು? ನಿಂತಿದ್ದವನು ಬೈರೇಶ್!

ಮೂರು ತಿಂಗಳ ಹಿಂದೆ ಅವಳನ್ನು ನೋಡಲು ಬಂದು, ಅವಳು ಕೊಟ್ಟ ಕಾಫಿ ಕುಡಿದು, ಹೋಗುವಾಗ ಬಾಗಿಲಲ್ಲಿ ತಿರುಗಿ ನಕ್ಕು, ಆಮೇಲೆ ಸುದ್ದಿಯೇ ಇಲ್ಲದೆ ಹೋದ ತೂಬಗೆರೆಯ ಬೈರೇಶ್. ಆ ಒಂದು ನಗು ನೆನೆದು ನಮ್ಮ ಹುಡುಗಿ ವಾರಗಟ್ಟಲೆ ಕನ್ನಡಿ ಮುಂದೆ ನಿಂತಿದ್ದಳು, ಪಾಪ. ಕೊನೆಗೆ ಮದುವೆ ಬ್ರೋಕರ್ ಪಿಳ್ಳಪ್ಪ ಬಂದು, ಕಂಡ ಗಂಡಸರ ಕೈ ಹಿಡಿದು ರಕ್ತ ತೆಗೆಯುವ ಹುಡುಗಿ ಅವರಿಗೆ ಹಿಡಿಸಲಿಲ್ಲವಂತೆ ಎಂದುಬಿಟ್ಟಿದ್ದ.

ಭಯ ಹೋಗಿ ಸಿಟ್ಟು ಬಂತು.

"ಕೈ ಮುಂದೆ ಮಾಡಿ, ಗೋವಿಂದರಾಜು ಅವರೇ."

ಅವನ ಮುಖ ಬಿಳಿಚಿಕೊಂಡಿತು. "ನೀವು ಲ್ಯಾಬಲ್ಲಿ ಇರ್ತೀರ ಅಂತಾನೇ ನಾನು ಆನ್‌ಲೈನಲ್ಲಿ ಬುಕ್ ಮಾಡಿದ್ದು..."

ಅವಳ ಕಣ್ಣು ತಪ್ಪಿಸಲು ಬೆಂಗಳೂರಿನ ಆ್ಯಪ್ ಹಿಡಿದಿದ್ದ. ಆ ಆ್ಯಪ್‌ನವರಿಗೆ ಇಡೀ ತಾಲ್ಲೂಕಿಗೆ ಇದ್ದವಳು ಇವಳೊಬ್ಬಳೇ ಎಂದು ಅವನಿಗೇನು ಗೊತ್ತು.

ಸೂಜಿ ಚುಚ್ಚಿ ರಕ್ತ ತೆಗೆದಳು. ಟ್ಯೂಬಿಗೆ ಚೀಟಿ ಅಂಟಿಸುತ್ತ ಯಾವ ಟೆಸ್ಟು ಎಂದು ನೋಡಿದಳು. ಗಂಡಸರ ಹಾರ್ಮೋನು. ಅವಳ ಸಿಟ್ಟು ಅಲ್ಲೇ ಇಳಿಯಿತು.

ನೆಲ ನೋಡುತ್ತ ಅವನೇ ಹೇಳಿದ. ಹದಿನಾರನೇ ವಯಸ್ಸಿಗೆ ಮಂಗನಬಾವು ಬಂದು ಕೆಳಗೂ ಊದಿಕೊಂಡಿತ್ತಂತೆ. ಇವನಿಗೆ ಮಕ್ಕಳಾಗೋದು ಅನುಮಾನ ಎಂದು ಅಜ್ಜಿ ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆಯಂತೆ. ಹೆಣ್ಣು ನೋಡಲು ಬಂದ ದಿನ ಅವಳ ಅಮ್ಮ ಲಕ್ಷ್ಮೀದೇವಮ್ಮ, ಬರೋ ವರ್ಷ ಮೊಮ್ಮಗೂನ ಆಡಿಸಬೇಕು ಎಂದಾಗ ಕಾಫಿ ಗಂಟಲಲ್ಲೇ ನಿಂತಿತಂತೆ.

"ನಿಮ್ಮ ಕೆಲಸದ ಬಗ್ಗೆ ನಾನೇನೂ ಅಂದಿಲ್ಲ. ಪಿಳ್ಳಪ್ಪಂಗೆ ಕಾರಣ ಹೇಳಕ್ಕಾಗ್ಲಿಲ್ಲ, ಅವನೇ ಒಂದು ಕಟ್ಟಿದ. ರಿಪೋರ್ಟ್ ಚೆನ್ನಾಗಿ ಬಂದ್ರೆ ನಾನೇ ನಿಮ್ಮನೆಗೆ ಬರ್ತೀನಿ ನವ್ಯಾ."

ಚೆನ್ನಾಗಿ ಬರದಿದ್ದರೆ? ಅವಳು ಟ್ಯೂಬನ್ನು ಐಸ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

ಮೂರನೇ ದಿನ ಮಧ್ಯಾಹ್ನ ಅವಳ ಫೋನಿಗೆ ಒಂದು ಫೋಟೊ ಬಂತು. ಅವನ ರಿಪೋರ್ಟು. ಕೆಂಪು ಅಕ್ಷರದಲ್ಲಿ 'ಕಡಿಮೆ'. ಅದರ ಕೆಳಗೇ ಆ್ಯಪ್‌ನವರದೇ ಮೂರು ತಿಂಗಳ ಮಾತ್ರೆಯ ಜಾಹೀರಾತು. ಆಮೇಲೆ ಅವನದೊಂದು ಸಾಲು... 'ಬೇರೆ ಕಡೆ ನೋಡ್ಕೊಳ್ಳಿ. ನಾನು ಯಾರಿಗೂ ಆಗಲ್ಲ.'

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್.

ಆ ಶೆಡ್ಡಿನ ಪಕ್ಕದಲ್ಲೇ ರೈಲು ಹಳಿ... ಅದು ನೆನಪಾದದ್ದೇ ಅವಳು ಕೆಲಸ ಬಿಟ್ಟು ಎದ್ದಳು. ಯಾರಿಗೂ ಹೇಳದೆ ಸ್ಕೂಟಿ ಹತ್ತಿದಳು.

ಗೇಟು ಹಾಕಿತ್ತು. ರೈಲು ಬರುವ ಸದ್ದು. ದೇವರೇ, ಅವನು ಅಲ್ಲಿ ಇರದಿರಲಿ... ಎಲ್ಲಾದರೂ ಇರಲಿ, ಇದ್ದರೆ ಸಾಕು. ಬೋಗಿಗಳೆಲ್ಲ ಹೋಗಿ ಮುಗಿಯುವವರೆಗೆ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಗೇಟು ಎದ್ದಿತು. ಶೆಡ್ಡಿನ ಕಟ್ಟೆ ಮೇಲೆ ಬೈರೇಶ್ ತಲೆ ತಗ್ಗಿಸಿ ಕೂತಿದ್ದ.

ಓಡಿಹೋಗಿ ಅವನ ತೋಳಿಗೆ ಒಂದು ಏಟು ಹಾಕಿ, ಅಲ್ಲೇ ಕೂತು ಅತ್ತುಬಿಟ್ಟಳು.

"ಫೋನ್ ಯಾಕೆ ಆಫ್ ಮಾಡಿದ್ರಿ? ನನ್ನ ಜೀವ ಹೋಗಿತ್ತು."

"ಏನ್ ಮಾತಾಡ್ಲಿ ಅಂತ ಗೊತ್ತಾಗ್ಲಿಲ್ಲ."

"ಅವತ್ತು ರಕ್ತ ಕೊಡೋ ಮುಂಚೆ ಎಷ್ಟು ಹೊತ್ತು ಮಲಗಿದ್ರಿ?"

"ಮಲಗೋದೆಲ್ಲಿ? ನಾಲ್ಕು ದಿನದಿಂದ ನೈಟ್ ಶಿಫ್ಟ್. ಮುಗಿಸ್ಕೊಂಡು ನೇರ ಇಲ್ಲಿಗೇ ಬಂದೆ."

ನಿದ್ದೆಗೆಟ್ಟವರಿಗೆ ಆ ಹಾರ್ಮೋನು ಕಡಿಮೆ ತೋರಿಸಬಹುದು ಎಂದಳು ಕಣ್ಣೊರೆಸಿಕೊಳ್ಳುತ್ತ. ಆ್ಯಪ್ ಅದನ್ನು ಕೇಳಿರಲಿಲ್ಲ. ಕೆಂಪು ಕಣ್ಣು ನೋಡಿಯೂ ಸಿಟ್ಟಿನಲ್ಲಿ ತಾನೂ ಕೇಳಲಿಲ್ಲ, ಅದು ತನ್ನದೇ ತಪ್ಪು ಎಂದಳು. ಅಲ್ಲದೆ ಮಕ್ಕಳಾಗುತ್ತೋ ಇಲ್ಲವೋ ನೋಡುವ ಟೆಸ್ಟೇ ಬೇರೆ. ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು.

"ಅದ್ರಲ್ಲೂ ಆಗಲ್ಲ ಅಂತ ಬಂದ್ರೆ?"

ಅವಳಿಗೂ ಭಯವಿತ್ತು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಆದರೆ ಈಗಷ್ಟೇ ಗೇಟಿನ ಬಳಿ ನಿಂತು ಅವಳು ದೇವರಲ್ಲಿ ಬೇಡಿದ್ದು ಇವನೊಬ್ಬನನ್ನೇ.

"ಅಮ್ಮಂಗೆ ನಾನು ಹೇಳ್ತೀನಿ. ನೀವು ರಜಾ ಹಾಕಿ ಮೊದ್ಲು ಚೆನ್ನಾಗಿ ನಿದ್ದೆ ಮಾಡಿ."

ವಾರದ ಮೇಲೆ ದೊಡ್ಡಬಳ್ಳಾಪುರದ ಒಂದು ಕ್ಲಿನಿಕ್ಕು. ಕೌಂಟರಿನಲ್ಲಿ ಚೀಟಿ ಬರೆಯುವ ಭಾಗ್ಯಮ್ಮ ಹೆಸರು ಕೇಳಿದರು. ಸುತ್ತ ಅರ್ಧಕ್ಕರ್ಧ ಪರಿಚಯದ ಮುಖಗಳು. ಅವನು ಬೆವರಿಹೋದ. ನವ್ಯಶ್ರೀ ಅವನ ಕಿರುಬೆರಳು ಹಿಡಿದುಕೊಂಡಳು.

"ಬೈರೇಶ್. ತೂಬಗೆರೆ," ಎಂದ.

"ಜೊತೇಲಿ ಬಂದಿರೋರು ಏನಾಗ್ಬೇಕು?"

ಅವನು ಅವಳ ಕಡೆ ನೋಡಿದ. ಅವಳು ಬೆರಳು ಬಿಡಲಿಲ್ಲ.

"ನಾನು ಮದ್ವೆ ಆಗೋ ಹುಡುಗಿ, ಅಕ್ಕಾ," ಎಂದ.

ಬೆಂಚಿನ ಮೇಲೆ ಕೂತ ಮೇಲೆ ಅವಳು ಮೆಲ್ಲಗೆ ಕೇಳಿದಳು. "ರಿಪೋರ್ಟ್ ಚೆನ್ನಾಗಿ ಬಂದ್ರೆ ಮನೆಗೆ ಬರ್ತೀನಿ ಅಂದಿದ್ರಿ..."

"ರಿಪೋರ್ಟ್ ಬರೋ ಮುಂಚೇನೇ ಬರ್ತೀನಿ. ಕಾಫಿ ಕೊಡ್ತೀಯಾ?"

"ಕೊಡ್ತೀನಿ. ಈ ಸಲ ಗಂಟಲಲ್ಲಿ ನಿಲ್ಲಿಸ್ಕೋಬೇಡ."