ಮೂರನೇ ಸಾಲಿನ ಏಳನೇ ಕುರ್ಚಿ

ಭಾನುವಾರ ಮಧ್ಯಾಹ್ನ ಮೂರೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಒಂದು ನಾಟಕದ ಟಿಕೆಟ್ ಇತ್ತು. ಭಾನುವಾರದ ದೂರುಗಳೆಂದರೆ ಕುಡಿದವರ ಗಲಾಟೆ, ಇಲ್ಲವೇ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡು, ಕೊನೆಗೆ ಹೆಸರೇ ‘ಪೆನ್ಸಿಲ್’ ಆಗಿಹೋಗಿದ್ದ ಹೆಡ್ ಕಾನ್‌ಸ್ಟೇಬಲ್ ಟಿಕೆಟ್ಟನ್ನು ನೋಡಿ ಮುಖ ಸೊಟ್ಟ ಮಾಡಿದ.

“ಇದಕ್ಕೂ ಪೊಲೀಸರೇ ಬೇಕೇನಮ್ಮ? ಥಿಯೇಟರ್ ಎದುರಿಗೇ ಇದೆ. ಮ್ಯಾನೇಜರ್‌ಗೆ ಹೇಳಿ.”

“ಹೇಳಿದೆ. ಮೂರನೇ ಬೆಲ್ ಹೊಡೆದು ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯಲ್ವಂತೆ. ನೀವು ಬಂದು ತೆಗೆಸಿ, ಬೇಗ!”

ಗದ್ದಲ ಕೇಳಿ ಇನ್‌ಸ್ಪೆಕ್ಟರ್ ಹೊರಗೆ ಬಂದರು. ಹೆಂಗಸು ಪಕ್ಕದ ರಸ್ತೆಯಲ್ಲಿ ಲಾಂಡ್ರಿ ನಡೆಸುವಾಕೆ. ಸೋಪಿನ ನೀರಿಗೆ ಬಿರುಕು ಬಿಟ್ಟ ಕೈಗಳು, ಗರಿಗರಿ ಇಸ್ತ್ರಿಯ ಸೀರೆ.

“ಟಿಕೆಟ್ ಯಾರ ಹತ್ರ ತಗೊಂಡ್ರಿ?”

“ಅಲ್ಲೇ ಒಳಗೆ, ನೋಟಿಸ್ ಬೋರ್ಡ್ ಹತ್ರ. ‘ಒಂದು ಟಿಕೆಟ್ ಜಾಸ್ತಿ ಇದೆ’ ಅಂತ ಒಬ್ಬರು ಚೀಟಿ ಹಿಡ್ಕೊಂಡು ನಿಂತಿದ್ರು. ಮರ್ಯಾದಸ್ಥರ ಥರ ಇದ್ರು. ಮನೆಯವಳು ಬರೋಕಾಗಲಿಲ್ಲ ಅಂದ್ರು. ಮೇಲೆ ಅಚ್ಚಾಗಿರೋ ಬೆಲೆಗಿಂತ ಒಂದು ಪೈಸೆ ಹೆಚ್ಚಿಗೆ ತಗೊಳ್ಳಲಿಲ್ಲ.”

“ಆಮೇಲೆ?”

“ಬಾಗಿಲಲ್ಲಿ ತೋರಿಸಿದ್ರೆ ಟಿಕೆಟ್ ನೋಡೋ ಯಂತ್ರ ಕೆಂಪಾಯ್ತು. ಈ ಟಿಕೆಟ್‌ನವರು ಆಗಲೇ ಒಳಗೆ ಹೋಗಿದ್ದಾರೆ ಅಂದ್ರು.”

ಇನ್‌ಸ್ಪೆಕ್ಟರ್ ಮ್ಯಾನೇಜರನಿಗೆ ಫೋನ್ ಮಾಡಿದರು. ಮಧ್ಯಂತರವಿಲ್ಲದ ನಾಟಕ, ಸಾಕ್ಷಾತ್ ದೇವರೇ ಬಂದರೂ ಬಾಗಿಲು ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಪಿಸುಗುಟ್ಟಿದ. ಬಲವಂತ ಮಾಡಲು ಇನ್‌ಸ್ಪೆಕ್ಟರ್ ಬಳಿ ಯಾವ ಕಾನೂನೂ ಇರಲಿಲ್ಲ. ಅವರು ಫೋನಿಟ್ಟಾಗ ಹೆಂಗಸು ಬೆಂಚಿನ ಮೇಲೆ ಕುಸಿದಳು.

“ದುಡ್ಡು ವಾಪಸ್ ಕೊಡಿಸೋಣಮ್ಮ,” ಎಂದ ಪೆನ್ಸಿಲ್. ದನಿ ಈಗ ಮೆತ್ತಗಾಗಿತ್ತು.

“ದುಡ್ಡು ಹಾಳಾಗ್ಲಿ. ಒಳಗೆ ಪಾರ್ಟ್ ಮಾಡ್ತಿರೋದು ನಮ್ಮಕ್ಕ. ಮಂಗಳವಾರ ಅವಳ ಗಂಟಲಿಗೆ ಆಪರೇಷನ್, ಆಮೇಲೆ ಧ್ವನಿ ಇರಲ್ಲ. ಇವತ್ತೇ ಕೊನೆ. ನಾವಿಬ್ಬರೂ ಮಾತು ಬಿಟ್ಟು ಏಳು ವರ್ಷ ಆಯ್ತು ಸಾರ್. ಅಮ್ಮ ಹೋದಾಗ ಅವಳು ಊರೂರು ನಾಟಕ ಆಡ್ತಾ ಇದ್ಲು, ಬರೋದು ತಡ ಆಯ್ತು. ‘ಮುಖದ ಬಣ್ಣ ಒರೆಸ್ಕೊಳ್ಳೋಕೆ ಇಷ್ಟು ಹೊತ್ತು ಬೇಕಾಯ್ತಾ’ ಅಂದುಬಿಟ್ಟೆ, ಹೆಣದ ಮುಂದೆ.” ಆಕೆ ಸೆರಗಿನಿಂದ ಮೂಗು ಒತ್ತಿಕೊಂಡಳು. “ಇವತ್ತು ಟಿಕೆಟ್ ಸಿಕ್ಕ ತಕ್ಷಣ ಮೆಸೇಜ್ ಹಾಕಿದೆ. ಮೂರನೇ ಸಾಲು, ಏಳನೇ ಕುರ್ಚಿ, ಬರ್ತಾ ಇದ್ದೀನಿ ಅಂತ. ನೋಡಿದ್ಲೋ ಇಲ್ವೋ, ಉತ್ತರ ಬರಲಿಲ್ಲ. ಈಗ ನಾನು ಬರಲೇ ಇಲ್ಲ ಅಂತಾಯ್ತಲ್ಲ. ನಾನು ಬಾಗಿಲವರೆಗೂ ಬಂದಿದ್ದೆ ಅಂತ ಒಂದು ಕಾಗದದಲ್ಲಿ ಬರೆದು ಕೊಡಿ ಸಾರ್. ನನ್ನ ಮಾತು ಅವಳು ನಂಬಲ್ಲ. ಪೊಲೀಸ್ ಸೀಲ್ ಇದ್ರೆ ನಂಬ್ತಾಳೆ.”

ಐದು ಗಂಟೆಗೆ ವಂಚನೆ ಪ್ರಕರಣ ದಾಖಲಾಯಿತು. ಎಫ್‌ಐಆರ್‌ನಲ್ಲಿ ಒಂದು ವಾಕ್ಯವನ್ನು ಇನ್‌ಸ್ಪೆಕ್ಟರ್ ಖುದ್ದಾಗಿ ಬರೆಸಿದರು: ‘ಫಿರ್ಯಾದಿಯು ನಾಟಕ ಆರಂಭವಾಗುವ ಮೊದಲೇ ಬಾಗಿಲ ಬಳಿ ಹಾಜರಿದ್ದು, ಒಳಗೆ ಹೋಗಲು ಪ್ರಯತ್ನಿಸಿದ್ದಾರೆ.’ ಆ ಪ್ರತಿಯನ್ನು ಹಿಡಿದುಕೊಂಡು ಆಕೆ ಥಿಯೇಟರಿನ ಹಿಂಬಾಗಿಲಿಗೆ ಓಡಿದಳು. ಅಷ್ಟರಲ್ಲಿ ನಾಟಕ ಮುಗಿದು, ಅಕ್ಕನನ್ನು ಪಕ್ಕದ ಗೇಟಿನಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗಿಯಾಗಿತ್ತು. ಆಸ್ಪತ್ರೆಯಲ್ಲಿ, ರೋಗಿ ಯಾರನ್ನೂ ನೋಡಲು ಒಪ್ಪುತ್ತಿಲ್ಲವೆಂದು ನರ್ಸ್ ಬಾಗಿಲಲ್ಲೇ ತಡೆದಳು. ಕಾಗದ ಬ್ಯಾಗಿನಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್, ಪೆನ್ಸಿಲ್ ಮತ್ತು ಇಬ್ಬರು ಪಂಚರು ಥಿಯೇಟರಿಗೆ ಹೋಗಿ ಪಂಚನಾಮೆ ನಡೆಸಿದರು. ದೀಪ ಹಾಕಿದ ಥಿಯೇಟರಿಗೆ ಯಾವ ಅಂದವೂ ಇರುವುದಿಲ್ಲ. ಸವೆದ ಕುರ್ಚಿಗಳು, ಧೂಳು, ಕಾಲಡಿಯಲ್ಲಿ ಪೆಪ್ಪರ್‌ಮೆಂಟಿನ ಕಾಗದ.

“ಮಿಕ್ಕ ಟಿಕೆಟ್ ಮಾರೋಕೆ ನಿಮ್ಮಲ್ಲಿ ಕ್ರಮ ಏನಿದೆ?”

“ಕೌಂಟರ್‌ಗೆ ಕೊಡಬೇಕು ಸಾರ್,” ಎಂದ ಮ್ಯಾನೇಜರ್. “ನಾವು ಹಳೇದನ್ನ ರದ್ದು ಮಾಡಿ, ತಗೊಳ್ಳೋರಿಗೆ ಹೊಸದು ಕೊಡ್ತೀವಿ. ಹಾಗೆ ಮಾಡಿದ್ರೆ ಯಾರಿಗೂ ಮೋಸ ಆಗಲ್ಲ. ಇವರು ಕೈಯಿಂದ ಕೈಗೆ ತಗೊಂಡಿದ್ದಾರೆ. ಕಾಗದ ಇವರ ಹತ್ರ, ಅದೇ ಟಿಕೆಟ್ ಅವನ ಫೋನಲ್ಲೂ ಇರುತ್ತೆ. ಮೊದಲು ತೋರಿಸಿದವರು ಒಳಗೆ. ಹೀಗೆ ಮೋಸ ಹೋದವರು ಮುಂಚೆಯೂ ಬಂದಿದ್ರು, ಕೈಯಿಂದ ತಗೊಂಡಿದ್ದಕ್ಕೆ ನಾವು ಹೊಣೆ ಅಲ್ಲ ಅಂತ ಕಳಿಸಿದ್ವಿ.”

ಯಂತ್ರವನ್ನು ಪರಿಶೀಲಿಸಿದಾಗ ಏಳು ಮತ್ತು ಎಂಟನೇ ಕುರ್ಚಿಯ ಟಿಕೆಟ್‌ಗಳು ಒಂದರ ಹಿಂದೊಂದು ತೋರಿಸಲ್ಪಟ್ಟಿದ್ದವು. ಬಾಗಿಲು ಕಾಯುವವನಿಗೆ ನೆನಪಿತ್ತು.

“ಒಬ್ಬರೇ ಬಂದು ಎರಡೂ ತೋರಿಸಿದ್ರು. ‘ಹಿಂದೆ ಬರ್ತಿದ್ದಾಳೆ’ ಅಂದ್ರು. ಗಂಡ ಹೆಂಡ್ತಿ ಬಂದ್ರೆ ಎರಡೂ ಒಬ್ಬರೇ ತೋರಿಸೋದು ಮಾಮೂಲು ಸಾರ್.”

“ಹಿಂದೆ ಯಾರಾದ್ರೂ ಬಂದ್ರಾ?”

“ನೋಡಲಿಲ್ಲ. ಆದ್ರೆ ಆಮೇಲೆ ಟಾರ್ಚ್ ಹಾಕಿದಾಗ ಏಳನೇ ಕುರ್ಚೀಲಿ ಜನ ಇರಲಿಲ್ಲ. ಒಂದು ಶಾಲು ಇತ್ತು.”

ಪೆನ್ಸಿಲ್‌ಗೆ ತಲೆಬುಡ ಅರ್ಥವಾಗಲಿಲ್ಲ. ಮಾರಿದ ಕುರ್ಚಿಯನ್ನು ಎರಡನೇ ಸಲ ಮಾರಿದ್ದರೆ ಅದು ಕಳ್ಳತನದ ಲೆಕ್ಕ. ಖಾಲಿ ಇಡುವುದು ಯಾವ ಸೀಮೆಯ ವ್ಯಾಪಾರ?

ಎರಡೂ ಕುರ್ಚಿಗಳನ್ನು ವರ್ಷಪೂರ್ತಿ ಭಾನುವಾರಗಳಿಗೆ ಒಟ್ಟಿಗೇ ಕಾದಿರಿಸಲಾಗಿತ್ತು. ಕಾದಿರಿಸಿದವರ ಹೆಸರನ್ನು ಮ್ಯಾನೇಜರ್ ಎರಡು ಸಲ ಓದಿದ.

“ಇವರು ನಮ್ಮ ದರ್ಜಿಯಮ್ಮ ಸಾರ್. ಮೂವತ್ತು ವರ್ಷ ಇಲ್ಲೇ ಪಾತ್ರಗಳ ಬಟ್ಟೆ ಹೊಲಿದವರು. ಪರದೆ ಸಂದೀಲಿ ನಿಂತೇ ಎಲ್ಲ ನಾಟಕ ನೋಡಿದ್ರು. ರಿಟೈರ್ ಆದ ದಿನ ‘ಇನ್ಮೇಲೆ ಮುಂದೆ ಕೂತು ನೋಡ್ತೀನಿ’ ಅಂತ ಎರಡು ಸೀಟು ಬರೆಸಿ ಹೋದ್ರು. ಅವರು ತೀರಿಕೊಂಡು ಆರು ತಿಂಗಳಾಯ್ತು. ಗಂಡ ಲಿಫ್ಟ್ ಮೆಕ್ಯಾನಿಕ್ ಅಂತ ಗೊತ್ತು, ಅಷ್ಟೇ.”

ಮನೆಗೇ ಹೋಗಿ ಹಿಡಿದರೆ ಅಪ್ಪಿತಪ್ಪಿ ಆಯಿತು ಎಂದು ಆ ಗಂಡ ಜಾರಿಕೊಳ್ಳಬಹುದು. ಇನ್‌ಸ್ಪೆಕ್ಟರ್ ಮುಂದಿನ ಭಾನುವಾರದವರೆಗೆ ಕಾಯಲು ನಿರ್ಧರಿಸಿದರು. ತನಿಖೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಶುಕ್ರವಾರ ಪೆನ್ಸಿಲ್ ಲಾಂಡ್ರಿಯ ಕಡೆಯಿಂದ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ಅಕ್ಕ ಹೋಗಿಬಿಟ್ರಂತೆ ಸಾರ್. ಆಪರೇಷನ್ ಆದ ಮೇಲೆ ಎಚ್ಚರಾನೇ ಆಗಲಿಲ್ಲವಂತೆ.”

ಇನ್‌ಸ್ಪೆಕ್ಟರ್ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು.

ಭಾನುವಾರ ಮಹಿಳಾ ಕಾನ್‌ಸ್ಟೇಬಲ್ ಚೂಡಿದಾರ್ ಹಾಕಿಕೊಂಡು ನೋಟಿಸ್ ಬೋರ್ಡಿನ ಬಳಿ ನಿಂತಳು. ಎರಡು ಗಂಟೆಗೆ ಆತ ಬಂದ. ಅರವತ್ತರ ಆಸುಪಾಸು, ಉಗುರಿನ ಸಂದಿನಲ್ಲಿ ಗ್ರೀಸಿನ ಕಪ್ಪು, ಮಡಿಸಿ ಹೆಗಲಿಗೆ ಹಾಕಿದ ಹೆಂಗಸರ ಶಾಲು.

“ನಿಮಗೆ ನಾಟಕ ನಿಜವಾಗ್ಲೂ ಇಷ್ಟಾನಾ?” ಎಂದು ಕೇಳಿದ. ಇಷ್ಟ ಎಂದಳು. ಅಚ್ಚಾದ ಬೆಲೆ ಪಡೆದು ಟಿಕೆಟ್ ಕೊಟ್ಟ. ಆ ಹಣವನ್ನು ಹಾಗೆಯೇ ರಂಗಕರ್ಮಿಗಳ ಸಹಾಯನಿಧಿಯ ಡಬ್ಬಿಗೆ ಹಾಕಿದ. ಬಾಗಿಲಿಗೆ ಹೋಗಿ ಫೋನಿನಲ್ಲಿ ಒಂದು ಟಿಕೆಟ್ ತೋರಿಸಿದ. ಸ್ವಲ್ಪ ತಡೆದು ನಿಂತ. ಆಮೇಲೆ ಇನ್ನೊಂದನ್ನೂ ತೋರಿಸಿದ.

“ಹಿಂದೆ ಬರ್ತಿದ್ದಾಳೆ,” ಎಂದ.

ಪೆನ್ಸಿಲ್ ಅವನ ಭುಜದ ಮೇಲೆ ಕೈಯಿಟ್ಟ. ಆತ ಓಡಲಿಲ್ಲ, ಕೂಗಾಡಲೂ ಇಲ್ಲ. ಪಂಚರ ಸಮಕ್ಷಮ ಫೋನನ್ನು ವಶಪಡಿಸಿಕೊಳ್ಳಲಾಯಿತು. ‘ಹೆಂಗಸರ ಶಾಲು ಒಂದು, ಹಳೆಯದು’ ಎಂದು ಪೆನ್ಸಿಲ್ ಬರೆಯುವಾಗ ಮಾತ್ರ, “ಅದನ್ನೂ ತಗೋತೀರಾ?” ಎಂದು ಆತ ಕೇಳಿದ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಅವನಿಗೆ ನೀರು ಕೊಡಿಸಿದರು.

“ಸೀಟು ಕೊಡೋ ಮನಸ್ಸಿಲ್ಲ ಅಂದ್ಮೇಲೆ ಮಾರಿದ್ದು ಯಾಕೆ?”

“ಅವಳೇ ಹೇಳಿದ್ಲು ಸಾರ್, ಆಸ್ಪತ್ರೇಲಿ. ‘ನನ್ನ ಸೀಟು ಖಾಲಿ ಬಿಡಬೇಡಿ. ಆಡೋರಿಗೆ ಮುಂದೆ ಖಾಲಿ ಕುರ್ಚಿ ಕಂಡ್ರೆ ಎದೆ ಒಡೆಯುತ್ತೆ. ಇಷ್ಟಪಟ್ಟು ನೋಡೋರಿಗೆ ಕೊಡಿ, ಜಾಸ್ತಿ ತಗೋಬೇಡಿ’ ಅಂತ. ಮಾತು ಕೊಟ್ಟೆ. ಮೊದಲನೇ ವಾರ ಒಬ್ಬನಿಗೆ ಕೊಟ್ಟೆ. ಅವನು ಬಂದು ಕೂತ. ಏನೂ ತಪ್ಪು ಮಾಡಲಿಲ್ಲ ಪಾಪ, ನಗೋ ಕಡೆ ನಕ್ಕ. ಅವಳಿಲ್ಲ ಅನ್ನೋದು ನನಗೆ ಆವತ್ತು ಗೊತ್ತಾಯ್ತು. ಆಮೇಲೆ ಪ್ರತೀ ವಾರ ಕೊಡೋಣ ಅಂತಲೇ ಬರ್ತೀನಿ. ಕೊಟ್ಟೂ ಕೊಡ್ತೀನಿ. ಬಾಗಿಲ ಹತ್ರ ಬಂದಾಗ ಕೈ ಕೇಳಲ್ಲ.”

“ಮೋಸ ಹೋದವರ ಬಗ್ಗೆ ಯೋಚನೆ ಮಾಡಲಿಲ್ವಾ?”

“ಒಂದು ನಾಟಕ ತಪ್ಪುತ್ತೆ, ಮುಂದಿನ ವಾರ ನೋಡ್ಕೋತಾರೆ ಅಂದ್ಕೊಂಡೆ.” ಆತ ಬಗ್ಗಿಸಿದ ತಲೆ ಎತ್ತಿದ. “ಹೋದ ವಾರ ಒಂದು ನಡೀತು ಸಾರ್. ಆ ದೊಡ್ಡ ಪಾತ್ರ ಮಾಡಿದ ಅಮ್ಮ, ಶುರುವಿಂದ ಕೊನೇವರೆಗೂ ಆ ಕುರ್ಚೀನೇ ನೋಡ್ತಾ ಇದ್ರು. ಆಚೆ ತಿರುಗೋರು, ಮತ್ತೆ ಅಲ್ಲೇ ನೋಡೋರು. ನಮ್ಮನೆಯವಳು ಹೊಲಿದ ಬಟ್ಟೆ ಹಾಕಿದವರಲ್ವಾ, ಇವಳು ಅವರಿಗೆ ಕಾಣಿಸ್ತಿದ್ದಾಳೆ ಅಂದ್ಕೊಂಡೆ. ಆರು ತಿಂಗಳಲ್ಲಿ ಆವತ್ತೊಂದು ರಾತ್ರಿ ನಿದ್ದೆ ಮಾಡಿದೆ.”

ಇನ್‌ಸ್ಪೆಕ್ಟರ್ ಹೇಳದೆ ಬಿಡಬಹುದಿತ್ತು. ಆದರೆ ಆರೋಪಿಗೆ ತನ್ನ ಅಪರಾಧ ಏನೆಂದು ತಿಳಿಯಬೇಕು. ಆ ಕುರ್ಚಿಯಲ್ಲಿ ಆ ನಟಿ ಹುಡುಕಿದ್ದು ಯಾರನ್ನು, ಆ ತಂಗಿ ಎಲ್ಲಿ ನಿಂತಿದ್ದಳು, ಆಮೇಲೆ ಆಸ್ಪತ್ರೆಯಲ್ಲಿ ಏನಾಯಿತು ಎಂದು ನಾಲ್ಕೇ ಮಾತಿನಲ್ಲಿ ಹೇಳಿದರು. ಆತ ಗ್ರೀಸಿನ ಕೈಗಳಿಂದ ಮುಖ ಮುಚ್ಚಿಕೊಂಡ. ಅಳುವಿನ ಸದ್ದು ಲಾಕಪ್ಪಿನವರೆಗೂ ಕೇಳಿಸಿತು.

“ಉದ್ದೇಶ ಏನು ಅಂತ ಬರೀಲಿ ಸಾರ್?” ಪೆನ್ಸಿಲ್ ಮೆಲ್ಲಗೆ ಕೇಳಿದ. “ಹಣದಾಸೆ ಅಂತಾನಾ?”

“ಬೇಡ. ಹೆಂಡತಿಯ ಸಾವು ಅಂತ ಬರಿ.”

ಸಂಜೆ ಇನ್‌ಸ್ಪೆಕ್ಟರ್ ಒಬ್ಬರೇ ಲಾಂಡ್ರಿಗೆ ಹೋದರು. ಹೆಂಗಸು ಇಸ್ತ್ರಿ ಮಾಡುತ್ತಿದ್ದಳು. ಸೀಲ್ ಹಾಕಿದ ಎಫ್‌ಐಆರ್ ಪ್ರತಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಆರೋಪಿ ಸಿಕ್ಕಿದ್ದಾನೆ ಎಂದಾಗ ಆಕೆ ತಲೆಯಾಡಿಸಿದಳು, ಯಾರು ಏನು ಎಂದು ಕೇಳಲಿಲ್ಲ. ಆತನ ಹೇಳಿಕೆಯಲ್ಲಿ ಒಂದು ಭಾಗ ನಿಮಗೆ ಸಂಬಂಧಪಟ್ಟದ್ದು ಎಂದು ಇನ್‌ಸ್ಪೆಕ್ಟರ್ ನಿಂತೇ ಓದಿದರು.

ಆಕೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

“ಹಾಗಾದ್ರೆ ನನ್ನ ಮೆಸೇಜ್ ನೋಡಿದ್ಲು.”

“ನೋಡಿದ್ದಾರಮ್ಮ.”

“ಎಷ್ಟು ಹೊತ್ತು ಹುಡುಕಿದ್ಲಂತೆ?”

“ಕೊನೇವರೆಗೂ.”

ಆಕೆ ಮೊಳೆಯಿಂದ ಆ ಕಾಗದವನ್ನು ತೆಗೆದು, ಇಸ್ತ್ರಿ ಮಾಡಿದ ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿದಳು. ಯಾರಿಗೆ ಕೊಡುವುದೆಂದು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡು ನಿಂತಳು.