ಯಜಮಾನರ ಮುಖ ಕತ್ತರಿಸಿದ ಕೈ

"ಹುಚ್ಚು ಹಿಡಿದವಳಿಗೆ ಬೀಗ ಒಂದು ಲೆಕ್ಕವೇನಮ್ಮ? ಕಳ್ಳಕೀಲಿ ಮಾಡಿಸ್ಕೊಂಡಿರ್ತಾಳೆ," ಎಂದರು ಟೇಲರ್ ಯಜಮಾನರು ಪತ್ತೇದಾರಮ್ಮನಿಗೆ, ಸೊಸೆಯ ಕಡೆ ಕೈ ತೋರಿಸಿ.

ನಡುಗುವ ಕೈಯಲ್ಲಿ ಅವರು ಮೇಜಿನ ಮೇಲೆ ಹರಡಿದ್ದು ತಮ್ಮದೇ ಮದುವೆಯ ಚಿತ್ರ. ದಪ್ಪ ಬಟ್ಟೆಯ ಮೇಲೆ ಬರೆಸಿದ್ದು. ಮಗ ಹುಟ್ಟಿದ ವರ್ಷವೇ ತೀರಿಹೋದರೆನ್ನುವ ಹೆಂಡತಿ ಅದರಲ್ಲಿ ನೆಟ್ಟಗೆ ಕೂತಿದ್ದರು. ಯಜಮಾನರ ಮುಖವಿದ್ದಲ್ಲಿ ಮಾತ್ರ ದುಂಡನೆಯ ತೂತು. ಔಷಧಿ ಅಂಗಡಿ ಬಿಟ್ಟು ಪತ್ತೇದಾರಮ್ಮನಿಗೆ ಸಹಾಯಕರಾಗಿ ನಿಂತ ಮೇಲೆ ಕಾಂಪೌಂಡರು ಹೆಣಗಳನ್ನೂ ನೋಡಿದ್ದರು. ಆದರೂ ಆ ತೂತಿನತ್ತ ಎರಡನೇ ಸಲ ನೋಡಲಿಲ್ಲ.

ಇವರಿಬ್ಬರನ್ನು ಕರೆಸಿದ್ದವನು ಯಜಮಾನರ ಮಗ. ಹಿಂದಿನ ದಿನ ಅಪ್ಪ ಮಗ ಇಬ್ಬರೂ ಗಿರಾಕಿಯ ಮನೆಗೆ ಅಳತೆ ತೆಗೆಯಲು ಹೋಗಿದ್ದಾಗ ಇದು ನಡೆದಿತ್ತು; ಮನೆಯಲ್ಲಿದ್ದವಳು ಸೊಸೆ ಒಬ್ಬಳೇ. ಚಿತ್ರವಿದ್ದ ಮಹಡಿಗೆ ಸದಾ ಬೀಗ, ಕೀಲಿ ಯಜಮಾನರ ಸೊಂಟದಲ್ಲಿ. ಮೇಲೆ ಯಾರೋ ಓಡಾಡುತ್ತಾರೆಂದು ಸೊಸೆ ಮೊದಲಿನಿಂದ ಹೇಳುತ್ತಿದ್ದಳಂತೆ. ಸಂಜೆಯೊಳಗೆ ಅವಳು ಹುಚ್ಚಾಸ್ಪತ್ರೆಗೆ, ಹಾಲು ಕುಡಿಯುವ ಮಗು ಇಲ್ಲೇ ಎಂದು ಯಜಮಾನರು ತೀರ್ಮಾನಿಸಿಯಾಗಿತ್ತು. ಅಪ್ಪನೆದುರು ಮಗನಿಗೆ ನಾಲಿಗೆ ಏಳುತ್ತಿರಲಿಲ್ಲ.

ಪತ್ತೇದಾರಮ್ಮ ತೂತಿನ ಅಂಚನ್ನು ಬೆರಳಿನಿಂದ ಸವರಿದರು. ಒಂದು ಎಳೆಯೂ ಎದ್ದಿರಲಿಲ್ಲ; ಸುತ್ತಲೂ ಬಳಪದ ಗೆರೆ. ಆಮೇಲೆ ಸೊಸೆಯ ಹತ್ತಿರ ಕೂತು ಮಗುವನ್ನು ಆಡಿಸುತ್ತ ಮನೆಯ ಸಂಗತಿ ಕೇಳಿದರು. ಮಾವ ಬಟ್ಟೆ ಕತ್ತರಿಸುವುದು ಮಹಡಿಯಲ್ಲೇ, ಬಾಗಿಲು ಹಾಕಿಕೊಂಡು. ಊಟದ ತಟ್ಟೆಯೂ ಅಲ್ಲಿಗೇ ಹೋಗುತ್ತದೆ. "ಎಷ್ಟು ಬಡಿಸಿದ್ರೂ ಖಾಲಿ ತಟ್ಟೇನೇ ಬರುತ್ತೆ. ಮೈಗೆ ಮಾತ್ರ ಹತ್ತಿಲ್ಲ ನೋಡಿ," ಎಂದಳು ಸೊಸೆ.

ಕೊನೆಗೆ ಪತ್ತೇದಾರಮ್ಮ ಎಲ್ಲರನ್ನೂ ಮೇಜಿನ ಸುತ್ತ ಕರೆದರು.

"ನಿಮ್ಮ ಸೊಸೆಗೆ ಕತ್ತರಿ ಬಳಕೆ ಇದೆಯಾ ಯಜಮಾನ್ರೇ?"

"ನಮ್ಮನೆ ಹೆಂಗಸರು ಕತ್ತರಿ ಮುಟ್ಟಂಗಿಲ್ಲ. ಕಾಜಾ, ಗುಂಡಿ, ಅಷ್ಟೇ. ಇವನಮ್ಮ ಮುಟ್ಟಿದ್ಲು. ಗಿರಾಕಿಗಳು ನನ್ನ ಬಿಟ್ಟು ಅವಳನ್ನೇ ಕೇಳೋಕೆ ಶುರು ಮಾಡಿದ್ರು."

ಪತ್ತೇದಾರಮ್ಮ ಒಂದು ಚಿಂದಿಯನ್ನೂ ಕತ್ತರಿಯನ್ನೂ ಅವರ ಮುಂದಿಟ್ಟರು. "ನೀವೇ ಇದನ್ನ ದುಂಡಗೆ ಕತ್ತರಿಸಿ."

ಯಜಮಾನರು ಕತ್ತರಿಸಿದರು. ಅಂಚು ಇಲಿ ಕಡಿದಂತಿತ್ತು.

"ಸಿಟ್ಟು ಬಂದವರು ಬಟ್ಟೇನ ಹರೀತಾರೆ," ಎಂದರು ಪತ್ತೇದಾರಮ್ಮ. "ಚಿತ್ರ ಕತ್ತರಿಸಿದವರು ಮೊದಲು ಗೆರೆ ಎಳೆದಿದ್ದಾರೆ. ಸಿಟ್ಟಲ್ಲೂ ಕಸುಬು ಬಿಟ್ಟಿಲ್ಲ. ಸೊಸೆಗೆ ಈ ಕೆಲಸ ಬರಲ್ಲ, ನಿಮಗೂ ಬರಲ್ಲ. ನಿಮ್ಮ ಅಂಗಡಿಗೆ ಹೆಸರು ತಂದ ಕೈಯೇ ಬೇರೆ. ಬೀಗ ಮುರಿದಿಲ್ಲ, ಕೀಲಿ ನಿಮ್ಮ ಸೊಂಟ ಬಿಟ್ಟಿಲ್ಲ. ಅಂದ್ರೆ ಕತ್ತರಿಸಿದವರು ಒಳಗೇ ಇದ್ರು, ಈಗಲೂ ಇದ್ದಾರೆ. ಅವರ ಹೆಜ್ಜೆ ಸಪ್ಪಳ ಕೇಳಿಸ್ಕೊಂಡವಳನ್ನ ಸಾಗಹಾಕೋಕೆ ನಿಮಗೊಂದು ನೆಪ ಸಿಕ್ತು."

ಕಾಂಪೌಂಡರು ಮಗನ ಮುಖ ನೋಡಲಾರದೆ ಚಿತ್ರದ ಕಡೆ ತಿರುಗಿದರು.

"ಅಪ್ಪಾ, ಕೀಲಿ ಕೊಡಿ," ಎಂದ ಮಗ.

"ಮನೆ ಮರ್ಯಾದೆ ಕಣೋ..."

"ಕೊಡಿ."

ಅವನ ಹಿಂದೆ ಮಹಡಿಯಿಂದ ಇಳಿದ, ಚಿತ್ರದಲ್ಲಿದ್ದ ಹೆಂಗಸು ಕೊನೆಯ ಮೆಟ್ಟಿಲಲ್ಲಿ ನಿಂತು ಬೆಳಕಿಗೆ ಕಣ್ಣು ಮುಚ್ಚಿಕೊಂಡರು. ಸೊಸೆ ಮಗುವನ್ನು ಸೊಂಟಕ್ಕೇರಿಸಿ ಎದ್ದುಹೋಗಿ ಕಿಟಕಿಯ ಪರದೆಯನ್ನು ಅರ್ಧ ಎಳೆದಳು.