ಅಜ್ಜಿಯ ಕತ್ತಾಳೆ ನಾರು

"ಆ ಕರಿ ನಾರನ್ನ ಹೊರಗೆ ತೆಗೆದಿಟ್ಟು ಇನ್ನೊಂದ್ಸಲ ಕಾಲ್ ಮಾಡ್ಸಮ್ಮ," ಎಂದರು ತೀರ್ಪುಗಾರ ಮೇಷ್ಟ್ರು.

ಮೇಘನ ನಾರನ್ನು ಎಳೆದು ಹೊರಗಿಟ್ಟಳು. ಶ್ರೀನಿವಾಸಪುರದ ವಿಜ್ಞಾನ ಮೇಳದಲ್ಲಿ ಅವಳ ಮೇಜಿನ ಸುತ್ತ ಮಕ್ಕಳು ಮುತ್ತಿದ್ದರು. ಈಗಷ್ಟೇ ಅವಳು ಬಿಸ್ಕೆಟ್ ಡಬ್ಬದಲ್ಲಿ ಸುಟ್ಟ ಕತ್ತಾಳೆ ನಾರು ತುಂಬಿ, ನಡುವೆ ಮೊಬೈಲ್ ಇಟ್ಟು, ಮುಚ್ಚಳ ಒತ್ತಿದ್ದಳು. ಫೋನು ರಿಂಗ್ ಆಗಿರಲಿಲ್ಲ.

"ನಾರಿನ ಇಂಗಾಲ ಮೈಕ್ರೋವೇವ್ ಅಲೆಗಳನ್ನ ನುಂಗುತ್ತೆ ಸಾರ್. ಮೊಬೈಲ್ ಸಿಗ್ನಲ್ಲೂ ಅದೇ ಜಾತಿ," ಎಂದು ಜೋರಾಗಿ ಹೇಳಿದ್ದಳು.

ಈಗ ಡಬ್ಬದಲ್ಲಿ ಬರೀ ಫೋನು. ಅವಳ ಕ್ಲಾಸಿನ ಆಂಜಿ ಕಾಲ್ ಮಾಡಿದ.

ಈಗಲೂ ಸದ್ದಿಲ್ಲ.

"ಲೇ, ಪ್ರೈಜು ಬಿಸ್ಕೆಟ್ ಡಬ್ಬಕ್ಕೇ ಕೊಡ್ಬೇಕು ಕಣೋ!" ಯಾರೋ ಕೂಗಿದರು.

ಮೇಷ್ಟ್ರು ನಗಲಿಲ್ಲ. "ತಗಡು ಅಲೆಗಳನ್ನ ವಾಪಸ್ ತಳ್ಳುತ್ತೆ. ರಟ್ಟಿನ ಪೆಟ್ಟಿಗೇಲಿ ನೋಡೋಣ."

ರಟ್ಟಿನ ಪೆಟ್ಟಿಗೆಯಲ್ಲಿ ಕರಿ ನಾರಿನ ನಡುವೆ ಇಟ್ಟ ಫೋನು ಗಣಗಣ ರಿಂಗಾಯಿತು. ಎಲ್ಲರೂ ಕೈ ತಟ್ಟಿ ನಕ್ಕರು. ಆಂಜಿ ಮಾತ್ರ ತಲೆ ತಗ್ಗಿಸಿ ಕಾಲ್ ಕಟ್ ಮಾಡಿದ.

"ಒಲೇಲಿ ಸುಟ್ಟಿದ್ದಲ್ವಾ? ಆ ಕಾವು ಸಾಲ್ದು. ಸರಿಯಾದ ಕುಲುಮೆ ಬೇಕು," ಎಂದರು ಮೇಷ್ಟ್ರು. "ಬೇಜಾರಾಗ್ಬೇಡ. ಇನ್ನಷ್ಟು ನಾರು ತಗೊಂಡು ಮಾಡೋಣ."

"ಇನ್ನು ನಾರಿಲ್ಲ ಸಾರ್."

ರಾಯಲ್ಪಾಡಿನ ಅವರ ಮಾವಿನ ತೋಟದ ಕತ್ತಾಳೆ ಬೇಲಿಯನ್ನು ಜೆಸಿಬಿ ಕಿತ್ತುಹಾಕಿ, ತಂತಿ ಬೇಲಿ ಬಂದಿತ್ತು. ಕೊನೆಯ ಎಲೆಗಳನ್ನು ಅಜ್ಜಿ ದೊಡ್ಡಗಂಗಮ್ಮ ನೆನೆಹಾಕಿ, ಬಡಿದು, ತೊಳೆದು, ನಾರು ಬಿಡಿಸಿ, ಕರುವಿನ ಹಗ್ಗಕ್ಕೆಂದು ಅಟ್ಟದಲ್ಲಿ ಇಟ್ಟಿದ್ದಳು. ಮೇಘನ ಕೇಳಿದಾಗ ಎದ್ದು ತೆಗೆದುಕೊಟ್ಟಿದ್ದಳು. "ತೀಸ್ಕೋ ತಲ್ಲಿ, ತಗೊಂಡೋಗು. ಕರೂಗೆ ಪ್ಲಾಸ್ಟಿಕ್ ಹಗ್ಗ ಐತಲ್ಲ." ನಾರು ತುಂಬಿ ಮುಚ್ಚಿದ ಡಬ್ಬವನ್ನು ಸುಡಲೆಂದು ಒಲೆಯ ಕೆಂಡದಲ್ಲಿ ಹೂಳಿಕೊಟ್ಟವಳೂ ಅವಳೇ.

ಸಂಜೆ ಅಜ್ಜಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. "ಏಮ್ಮಾ, ನಮ್ ನಾರು ಗೆಲ್ತಾ?"

ಬಸ್ಸಿನಲ್ಲಿ ಯೋಚಿಸಿಟ್ಟ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ ಅಜ್ಜಿ. ಏನೂ ಆಗ್ಲಿಲ್ಲ."

ಅಜ್ಜಿ ಪೆಟ್ಟಿಗೆಯಿಂದ ಕಪ್ಪು ಎಳೆಯೊಂದನ್ನು ಎತ್ತಿದಳು. ಸುಟ್ಟರೂ ಅದು ನಾರಿನ ಹಾಗೇ ಉದ್ದಕ್ಕಿತ್ತು. ಅಭ್ಯಾಸದಂತೆ ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದಳು. ಅದು ಪುಡಿಯಾಯಿತು.

ಅಜ್ಜಿ ಆ ಪುಡಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕೊಡವಿಕೊಂಡಳು. "ಹೋಗ್ಲಿ ಬಿಡು. ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗ್ತದೆ."

ಮೇಘನ ಕೈ ತೊಳೆಯಲು ಹೋಗಲಿಲ್ಲ, ಕೊಟ್ಟಿಗೆಗೆ ಹೋದಳು. ತಾಯಿಯ ಕಡೆಗೆ ಕರು ಜಗ್ಗುತ್ತಿತ್ತು. ನೀಲಿ ಪ್ಲಾಸ್ಟಿಕ್ ಹಗ್ಗದ ಕೆಳಗೆ ಅದರ ಕೂದಲು ಉದುರಿ, ಚರ್ಮ ಕೆಂಪಾಗಿತ್ತು. ಇಷ್ಟು ದಿನ ಅವಳು ಅದನ್ನು ನೋಡಿಯೇ ಇರಲಿಲ್ಲ.

ಹಗ್ಗಕ್ಕೂ ಕರುವಿನ ಕೊರಳಿಗೂ ನಡುವೆ ಬೆರಳು ತೂರಿಸಿದಳು. ಕರು ಜಗ್ಗಿದಾಗಲೆಲ್ಲ ಹಗ್ಗ ಬೆರಳನ್ನು ಉಜ್ಜಿತು. ಉರಿಯಿತು.

"ಮೇಘನಾ, ಮುದ್ದೆ!" ಅಜ್ಜಿ ಒಳಗಿನಿಂದ ಕರೆದಳು.

ಅವಳು ಬೆರಳು ತೆಗೆಯಲಿಲ್ಲ.